ಹುಳುಮನೆಯಲ್ಲಿ ಕೇಳಿದ ಪುಸ್ತಕಗಳು

ಈ ಬೇಸಿಗೆ ರಜೆಯಲ್ಲಿ ನಾನು ಕಣ್ಣಿನಿಂದ ಓದಿದ ಪುಸ್ತಕಗಳಿಗಿಂತ ಕಿವಿಯಿಂದ ಕೇಳಿದ ಪುಸ್ತಕಗಳೇ ಹೆಚ್ಚು. ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ಇಷ್ಟು ವರ್ಷ ಆಡಿಯೋ ಪುಸ್ತಕಗಳನ್ನು ದೂರವೇ ಇಟ್ಟಿದ್ದೆ. ಪುಸ್ತಕವನ್ನು ಕೇಳಿ ಮುಗಿಸಿದವರು ಅದನ್ನು ಓದಿದ್ದೇನೆಂದು ಹೇಳಿಕೊಳ್ಳಬಾರದು ಎಂದು ಸಹೋದ್ಯೋಗಿಗಳೊಡನೆ ವಾದ ಮಾಡಿದ್ದೂ ಉಂಟು. ಶಿಡ್ಲಘಟ್ಟ ತಾಲ್ಲೂಕಿನ ನನ್ನ ತವರಿನಲ್ಲಿ ಒಂದು ತಿಂಗಳು ಕಳೆದು ಬಂದ ಮೇಲೆ ಆ ವಾದವನ್ನು ಬಿಟ್ಟುಕೊಟ್ಟಿದ್ದೇನೆ. ಅದು ಹೇಗಾಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ರೇಷ್ಮೆ ಬೆಳೆ. ಎರಡನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಹುಳುಗಳನ್ನು, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಹೆಚ್ಚುಕಡಿಮೆ ಮೂರು ವಾರ ಹಿಡಿಯುತ್ತದೆ, ಆ ಮೂರು ವಾರ ಮನೆಯವರೆಲ್ಲರ ಬದುಕು ಹುಳುಮನೆಯಲ್ಲಿಯೇ. ಸೊಪ್ಪು ಕೊಯ್ದು ತರಬೇಕು, ಕಡ್ಡಿಸಮೇತ ಹಾಸಬೇಕು, ಹುಳು ಜ್ವರಕ್ಕೆ ಕುಳಿತಾಗ ಸುಣ್ಣದ ಪುಡಿ ಉದುರಿಸಬೇಕು. ಅಲ್ಲಿಗೆ ಪುಸ್ತಕ ಹಿಡಿದುಕೊಂಡು ಹೋಗಿ ಕೂರುವುದು ಆಗದ ಮಾತು. ಸೊಪ್ಪಿನ ಕರೆ, ಸುಣ್ಣದ ಧೂಳು ಎರಡೂ ಪುಟಕ್ಕೆ ಅಂಟುತ್ತವೆ. ಕೈಗೆ ಬಿಡುವಿಲ್ಲದ ಆ ಜಾಗದಲ್ಲಿ ಕಿವಿಗೆ ಮಾತ್ರ ಬೇಕಾದಷ್ಟು ಬಿಡುವು. ಅಣ್ಣನ ಮಗಳು ನನ್ನ ಮೊಬೈಲನ್ನು ಖಾಲಿ ಸ್ಟೀಲ್ ಕೊಡದೊಳಗೆ ಇಟ್ಟು ಧ್ವನಿ ದೊಡ್ಡದಾಗುವಂತೆ ಮಾಡಿದಳು. ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳುಗಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ತುಂಬಿಕೊಳ್ಳುವುದರಿಂದ ಆ ಕೊಡವಿಲ್ಲದೆ ಒಂದು ಮಾತೂ ಕೇಳಿಸುತ್ತಿರಲಿಲ್ಲ.

ಮೊದಲು ಹಾಕಿದ್ದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಬಂದ ಈ ಪುಟ್ಟ ಕಾದಂಬರಿಯನ್ನು ನಾನು ಹಲವು ಸಲ ಓದಿದ್ದೇನೆ, ಅದರ ಬಗ್ಗೆ ತರಗತಿಯಲ್ಲಿ ಮಾತನಾಡಿದ್ದೇನೆ. ಒಂದು ಜೊತೆ ಎತ್ತುಗಳಿದ್ದೂ ಉಳಲು ತುಂಡು ಭೂಮಿಯಿಲ್ಲದ ಚೋಮನ ಆಸೆಯನ್ನು ಜಾತಿ, ಸಾಲ, ಜೀತ ಎಂಬ ಪದಗಳಲ್ಲಿ ಮಕ್ಕಳಿಗೆ ವಿವರಿಸಿದ್ದೇನೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಅಮ್ಮ ಸೊಪ್ಪು ಹಾಸುತ್ತಿದ್ದವಳು ಸ್ವಲ್ಪ ಹೊತ್ತು ಕೈ ನಿಲ್ಲಿಸಿ, “ಹೊಲ ಇಲ್ಲದೋನು ಆ ಎತ್ತುಗಳಿಗೆ ಮೇವು ಎಲ್ಲಿಂದ ತರ್ತಿದ್ದ?” ಎಂದು ಕೇಳಿದಳು. ನನಗೆ ಆ ಪ್ರಶ್ನೆ ಒಂದು ಸಲವೂ ಹುಟ್ಟಿರಲಿಲ್ಲ. ಮೇವು ಹೊಂದಿಸುವ ಕಷ್ಟವನ್ನು ಮೈಯಲ್ಲಿ ಅರಿತವಳಿಗೆ ಚೋಮನ ಹಟದ ತೂಕ ಎಷ್ಟೆಂಬುದು ಆ ಒಂದು ಪ್ರಶ್ನೆಯಲ್ಲಿಯೇ ತಿಳಿದಿತ್ತು. ಇದನ್ನು ಓದಲ್ಲವೆಂದು ನಾನು ಯಾವ ಬಾಯಿಯಿಂದ ಹೇಳಲಿ?

ಆಮೇಲೆ ನನಗೆ ಹೊಳೆದದ್ದು ಗಮಕ. ಕುಮಾರವ್ಯಾಸನ ಭಾರತವನ್ನು ಕನ್ನಡ ನಾಡು ಬಹುಕಾಲ ಓದಿದ್ದೇ ಹೀಗೆ. ಗಮಕಿಯೊಬ್ಬರು ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುತ್ತಾರೆ, ಊರಿಗೆ ಊರೇ ಕೇಳುತ್ತದೆ. ಅಕ್ಷರ ಬಾರದವರೂ ಕರ್ಣನ ವಿಷಯದಲ್ಲಿ ತಮ್ಮದೇ ಅಭಿಪ್ರಾಯ ಇಟ್ಟುಕೊಂಡಿರುತ್ತಿದ್ದರು. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಶಾಲೆಯಲ್ಲಿ ಅದನ್ನು ಸಂಭ್ರಮದಿಂದ ಹೇಳಿದ್ದ ನಾನು, ಕಿವಿಯ ಓದನ್ನು ಮಾತ್ರ ಕೀಳೆಂದು ಭಾವಿಸಿದ್ದೆ. ಹೊರನಾಡುಗಳಲ್ಲಿಯೂ ಆಡಿಯೋ ಪುಸ್ತಕ ಹುಟ್ಟಿದ್ದು ಬಿಡುವಿಲ್ಲದವರ ಅನುಕೂಲಕ್ಕೆಂದಲ್ಲ. ಬ್ರಿಟನ್ನಿನಲ್ಲಿ ದೃಷ್ಟಿ ಕಳೆದುಕೊಂಡವರಿಗಾಗಿ ಗ್ರಾಮಫೋನ್ ತಟ್ಟೆಗಳ ಮೇಲೆ ಇಡೀ ಪುಸ್ತಕಗಳನ್ನು ಓದಿಸಿ ಹಂಚಲು ಆರಂಭಿಸಿದ್ದು 1935ರಲ್ಲಿ.

ಹುಳುಮನೆಯಲ್ಲಿ ಎರಡನೆಯದಾಗಿ ಕೇಳಿದ್ದು ಉದ್ಯೋಗಪರ್ವದ ಗಮಕ ವಾಚನ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ನಡಿಗೆ, ಹದಿನಾಲ್ಕು ಮಾತ್ರೆಯ ಎರಡು ಸಾಲುಗಳ ಬಳಿಕ ಇಪ್ಪತ್ಮೂರು ಮಾತ್ರೆಗೆ ಚಾಚಿಕೊಳ್ಳುವ ಮೂರನೆಯ ಸಾಲು, ಇವನ್ನು ನಾನು ಕಪ್ಪು ಹಲಗೆಯ ಮೇಲೆ ಪ್ರಸ್ತಾರ ಹಾಕಿ ಕಲಿಸುತ್ತೇನೆ. ಆ ಉದ್ದ ಸಾಲು ಉಸಿರನ್ನು ಎಳೆದುಕೊಂಡು ಹೋಗಿ ಕೊನೆಯ ಗುರುವಿನ ಮೇಲೆ ಇಳಿಸುವ ಬಗೆ ಹಲಗೆಯ ಮೇಲೆ ಕಾಣುವುದಿಲ್ಲ. ಸಂಧಾನ ಮುರಿದು ಹೊರಟ ಕೃಷ್ಣನು ಕರ್ಣನಿಗೆ ಅವನ ಹುಟ್ಟನ್ನು ತಿಳಿಸುವ ಭಾಗ ಬಂದಾಗ ಅಮ್ಮ, “ಯುದ್ಧ ಗೊತ್ತಾದ ಮೇಲೆ ಹೇಳಿದರೆ ಅದು ಅಕ್ಕರೆ ಅಲ್ಲ, ಲೆಕ್ಕಾಚಾರ” ಎಂದಳು. ಅತ್ತಿಗೆ ಒಪ್ಪಲಿಲ್ಲ, ಅಣ್ಣತಮ್ಮಂದಿರು ಬಡಿದಾಡುವುದನ್ನು ತಪ್ಪಿಸಲು ಕಡೆಗೆ ಉಳಿದಿದ್ದ ದಾರಿ ಅದೊಂದೇ ಎಂಬುದು ಅವಳ ನಿಲುವು. ಮೂರು ಹಾಸಿಗೆ ಸೊಪ್ಪು ಹಾಕಿ ಮುಗಿಯುವವರೆಗೂ ಚರ್ಚೆ ನಡೆಯಿತು. ಮೊಬೈಲಿನಲ್ಲಿ ಗಮಕಿಯ ಧ್ವನಿ ಮಾತ್ರ ಇತ್ತು, ವ್ಯಾಖ್ಯಾನಕಾರರ ಜಾಗವನ್ನು ನಮ್ಮ ಮನೆಯ ಹೆಂಗಸರು ತುಂಬಿದರು. ಇಯರ್‌ಫೋನ್ ಹಾಕಿಕೊಂಡು ಒಬ್ಬಳೇ ಕೇಳಿದ್ದರೆ ನನಗೆ ಈ ಅರ್ಧ ದಕ್ಕುತ್ತಿರಲಿಲ್ಲ. ಆಡಿಯೋ ಪುಸ್ತಕದ ಮೇಲೆ ನನಗೆ ಉಳಿದಿರುವ ತಕರಾರು ಎಂದರೆ ಅದು ಕೇಳುಗರನ್ನು ಒಂಟಿಯಾಗಿ ಕೂರಿಸುತ್ತದೆ ಎಂಬುದೇ.

ಎಲ್ಲವೂ ಹೀಗೆ ಒದಗಿ ಬರಲಿಲ್ಲ. ಒಂದು ಕಾದಂಬರಿಯ ವಾಚಕರು ನಿರೂಪಣೆಯನ್ನು ಸೊಗಸಾಗಿ ಓದಿ, ಹಳ್ಳಿಯವರು ಬಾಯಿ ತೆರೆದಾಗಲೆಲ್ಲ ಎಳೆದೆಳೆದು ಕೊಂಕು ಧ್ವನಿ ಮಾಡುತ್ತಿದ್ದರು. “ಹಳ್ಳಿಯೋರು ಅಂದರೆ ನಗೋದಕ್ಕೆ ಇರೋರು ಅಂದ್ಕೊಂಡವ್ನೆ, ನಿಲ್ಲಿಸು” ಎಂದು ಅಮ್ಮ ಕಟುವಾಗಿ ಹೇಳಿದಳು. ನಿಲ್ಲಿಸಿದೆ. ಕಣ್ಣಿನ ಓದಿನಲ್ಲಿ ಪಾತ್ರದ ಮಾತಿಗೆ ಧ್ವನಿ ಕೊಡುವವರು ನಾವು, ಕಿವಿಯ ಓದಿನಲ್ಲಿ ಆ ಅಧಿಕಾರ ವಾಚಕರದು; ಆದ್ದರಿಂದ ಕನ್ನಡದ ಆಡಿಯೋ ಪುಸ್ತಕ ಮಾಡುವವರು ಇಂಪಾದ ಕಂಠಕ್ಕಿಂತ ಮೊದಲು ಆ ಸೀಮೆಯ ನುಡಿ ಬಲ್ಲವರನ್ನು ಹುಡುಕಬೇಕೆಂದು ಬೇಡಿಕೊಳ್ಳುತ್ತೇನೆ. ಡಿ.ವಿ.ಜಿ.ಯವರ ಕಗ್ಗವನ್ನೂ ಕೇಳಲು ಹೋಗಿ ಬಿಟ್ಟೆ. ಒಂದು ಪದ್ಯ ಮನಸ್ಸಿಗೆ ಇಳಿಯುವ ಮೊದಲೇ ಮುಂದಿನದು ಬಂದು ಬೀಳುತ್ತಿತ್ತು. ದಿನಕ್ಕೊಂದು ಪದ್ಯ ಹಿಡಿದು ಕೂರಬೇಕಾದ ಕೃತಿಯದು, ಅದಕ್ಕೆ ಪುಸ್ತಕವೇ ಸರಿ.

ಹುಳು ಜ್ವರಕ್ಕೆ ಕುಳಿತ ದಿನ ಸೊಪ್ಪು ಹಾಕುವಂತಿಲ್ಲ, ಎಲ್ಲರಿಗೂ ವಿರಾಮ. ಮೂರನೇ ಜ್ವರದ ಆ ದಿನ ನಾನು ಜಗಲಿಯ ಮೇಲೆ ಕುಳಿತು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ತೆರೆದೆ. 1956ರ ಕಾದಂಬರಿ, 1983ರ ಜ್ಞಾನಪೀಠ ಇದಕ್ಕೇ ಬಂದದ್ದು. ನಾನು ಮನಸ್ಸಿನಲ್ಲಿಯೇ ಓದಿಕೊಳ್ಳುತ್ತಿರುವುದನ್ನು ಕಂಡು ಅಮ್ಮ, “ನೀನೊಬ್ಬಳೇ ಓದಿಕೊಂಡರೆ ನಮಗೇನು ಬಂತು?” ಎಂದಳು. ಅಂದಿನಿಂದ ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದತೊಡಗಿದೆ. ಮನೆಮಾತು ತೆಲುಗಾಗಿರುವ ನಮ್ಮಂಥ ಮನೆಗಳು ನಮ್ಮ ಸೀಮೆಯಲ್ಲಿ ಬಹಳ. ಮನೆಯಲ್ಲಿ ತಮಿಳಾಡುತ್ತಿದ್ದ, ಮಾಲೂರು ಕಡೆಯ ಮಾಸ್ತಿಯವರ ಕನ್ನಡ ಅಮ್ಮನಿಗೆ ಎಲ್ಲಿಯೂ ತೊಡಕಾಗಲಿಲ್ಲ, ಎದುರಿಗೆ ಕುಳಿತ ಹಿರಿಯರು ಕಥೆ ಹೇಳುವ ಹಾಗೆ ಆ ವಾಕ್ಯಗಳು ನಡೆಯುತ್ತವೆ. ಗಟ್ಟಿಯಾಗಿ ಓದುವಾಗ ನನಗೂ ಒಂದು ಸಂಗತಿ ಗೊತ್ತಾಯಿತು. ಹಿಂದಿನ ಓದಿನಲ್ಲಿ ರಾಣಿ ಗೌರಮ್ಮನ ಮಾತುಗಳ ಮೇಲೆ ನನ್ನ ಕಣ್ಣು ಓಡಿಹೋಗಿತ್ತು. ಈಗ ನಾಲಿಗೆ ಪ್ರತಿಯೊಂದು ಮಾತನ್ನೂ ಹೊರಬೇಕಾಗಿ ಬಂದಾಗ, ಗಂಡನನ್ನೂ ನಾಡನ್ನೂ ಏಕಕಾಲಕ್ಕೆ ಉಳಿಸಿಕೊಳ್ಳಲು ಹೆಣಗುವ ಆಕೆ ಎಷ್ಟು ಅಳೆದು ಮಾತನಾಡುತ್ತಾಳೆಂಬುದು ತಿಳಿಯಿತು. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ್ದು ಇತಿಹಾಸವಾದ್ದರಿಂದ ಕೊನೆ ನನಗೆ ಮೊದಲೇ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ, ಅವಳು ಪ್ರತಿ ರಾತ್ರಿಯೂ ರಾಜ ಸರಿಹೋಗಬಹುದೆಂದು ಕಾಯುತ್ತಿದ್ದಳು.

ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಏರಿದವು, ಗೂಡು ಬಿಡಿಸಿ ಅಣ್ಣ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದ. ಕಾದಂಬರಿ ಮುಗಿಯುವ ಮೊದಲೇ ನನ್ನ ರಜೆ ಮುಗಿಯಿತು. ತುಮಕೂರಿಗೆ ಬಂದ ಮೇಲೆ ಸಂಜೆ ಬಾಗಿಲು ಹಾಕಿಕೊಂಡು ಉಳಿದ ಅಧ್ಯಾಯಗಳನ್ನು ಒಂದೊಂದಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಅತ್ತಿಗೆಯ ವಾಟ್ಸಾಪ್‌ಗೆ ಕಳಿಸುತ್ತಿದ್ದೇನೆ. ಶಾಲೆ ಆರಂಭವಾದ ಗಡಿಬಿಡಿಯಲ್ಲಿ ಮೂರು ದಿನ ಕಳಿಸಲಾಗಲಿಲ್ಲ. ನಿನ್ನೆ ರಾತ್ರಿ ಅಮ್ಮನೇ ಫೋನ್ ಮಾಡಿದ್ದಳು: “ಹೊಸ ಹುಳು ತಂದಿದ್ದೀವಿ, ಕೊಡ ತೊಳೆದು ಇಟ್ಟಿದ್ದೀನಿ. ಮುಂದಿನದು ಯಾವಾಗ ಕಳಿಸ್ತೀಯ?”