ಸ್ಪಷ್ಟನೆ: ಅದು 'ಕೊನೆಯ' ಅವಿಭಾಜ್ಯ ಸಂಖ್ಯೆ ಅಲ್ಲ

'ಜಗತ್ತಿನ ಕೊನೆಯ ಅವಿಭಾಜ್ಯ ಸಂಖ್ಯೆ ಸಿಕ್ಕಿದೆ, ಇದಕ್ಕಿಂತ ದೊಡ್ಡದು ಇಲ್ಲ' ಎಂಬ ಸಂದೇಶ ಓಡಾಡುತ್ತಿದೆ. (1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಯೇ ಅವಿಭಾಜ್ಯ.) ಅರ್ಧ ನಿಜ, ಅರ್ಧ ತಪ್ಪು.

ನಿಜ ಇಷ್ಟು. 2024ರ ಅಕ್ಟೋಬರ್‌ನಲ್ಲಿ ಜಿಂಪ್ಸ್ ಎಂಬ ಸ್ವಯಂಸೇವಕರ ಯೋಜನೆಯಲ್ಲಿ ಒಂದು ಭಾರಿ ಸಂಖ್ಯೆ ಪತ್ತೆಯಾಯಿತು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಅದು ಸಿಗುತ್ತದೆ. ಬರೆದರೆ 4,10,24,320 ಅಂಕಿಗಳು! ಆಗ ಗೊತ್ತಿದ್ದ ಅವಿಭಾಜ್ಯಗಳಲ್ಲಿ ಅದೇ ದೊಡ್ಡದು. 'ಗೊತ್ತಿದ್ದ' ಎಂಬ ಪದವೇ ಸಂದೇಶದಲ್ಲಿ ಬಿಟ್ಟುಹೋಗಿದೆ.

ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಗ್ರೀಕ್ ಗಣಿತಜ್ಞ ಯೂಕ್ಲಿಡ್ 2,000 ವರ್ಷಕ್ಕೂ ಹಿಂದೆಯೇ ತೋರಿಸಿದ್ದ. 13ಕ್ಕೇ ಮುಗಿಯಿತು ಅಂದುಕೊಳ್ಳಿ. 2, 3, 5, 7, 11, 13 ಎಲ್ಲವನ್ನೂ ಗುಣಿಸಿ 1 ಕೂಡಿಸಿ: 30,031. ಆ ಆರರಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಹಾಗಂತ 30,031 ಅವಿಭಾಜ್ಯವೇನಲ್ಲ, ಅದು 59 × 509. ಆದರೆ ನೋಡಿ, ಪಟ್ಟಿಯಲ್ಲಿಲ್ಲದ ಎರಡು ಹೊಸ ಅವಿಭಾಜ್ಯ ಸಿಕ್ಕವು, ಅಲ್ವಾ? ಎಷ್ಟೇ ಉದ್ದದ ಪಟ್ಟಿ ಕೊಟ್ಟರೂ ಇದೇ ಕತೆ.

'2ರ ಘಾತ ಅವಿಭಾಜ್ಯವಾದರೆ ಸಾಕು, 1 ಕಳೆದಾಗ ಅವಿಭಾಜ್ಯವೇ ಬರುತ್ತದೆ' ಎಂದೂ ಸೇರಿಸಿದ್ದಾರೆ. ಅದೂ ತಪ್ಪು. ಘಾತ ಅಂದರೆ ಎಷ್ಟು ಎರಡುಗಳನ್ನು ಗುಣಿಸುತ್ತೇವೆ ಎಂಬ ಎಣಿಕೆ. ಅದು 11 ಆದಾಗ, 1 ಕಳೆದರೆ 2,047 ಬರುತ್ತದೆ, ಅದು 23 × 89.

ಇನ್ನು, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಕಾಯುವುದು ಇದೇ ಸಂಖ್ಯೆಯಂತೆ! ಸುಮ್ನೆ ಮಾತು. ಮಾಹಿತಿಯನ್ನು ಗುಟ್ಟಾಗಿಡುವ ಗೂಢಲಿಪಿಗೆ ಬೇಕಾದದ್ದು ಕೆಲವು ನೂರು ಅಂಕಿಗಳ, ಯಾರಿಗೂ ಗೊತ್ತಿರದ ಅವಿಭಾಜ್ಯಗಳು. ಈ ಭಾರಿ ಸಂಖ್ಯೆಯೋ, ಎಲ್ಲರಿಗೂ ಗೊತ್ತಿರುವಂಥದ್ದು.