ಹಾಳು ಹಂಪೆ, ಸೋಫಾ ಬಣ್ಣಕ್ಕೆ ಹೊಂದುವಂತೆ

ಮನೆ ಗುಡಿಸದೆ ಬಿಟ್ಟರೆ ನಮ್ಮಜ್ಜಿ ಬೈಯುತ್ತಿದ್ದದ್ದು ಒಂದೇ ಮಾತು: 'ಹಾಳು ಹಂಪೆ ಆಗಿದೆ ನೋಡು!' ಈಗ ಅದೇ ಹಾಳು ಹಂಪೆಯನ್ನು ದುಡ್ಡು ಕೊಟ್ಟು ತಂದು, ಮೇಲೊಂದು ಲೈಟ್ ಹಾಕಿಸಿ, ಹಾಲ್‌ನಲ್ಲಿ ನೇತು ಹಾಕುತ್ತೇವೆ. ಅಜ್ಜಿ ಪುಣ್ಯವಂತೆ, ಇದನ್ನು ನೋಡಲು ಉಳಿಯಲಿಲ್ಲ.

ಬೆಂಗಳೂರಿನ ರಸ್ತೆಯಲ್ಲೇ ಕಲಾವಿದರು ಚಿತ್ರ ಮಾರುವ ಜನವರಿಯ ಚಿತ್ರಸಂತೆಗೆ ನಮ್ಮಾಕೆ ಹೊಸ ಫ್ಲ್ಯಾಟಿನ ಖಾಲಿ ಗೋಡೆಯ ಅಳತೆ ಬರೆದುಕೊಂಡು ಬಂದಿದ್ದಳು. ನಾಲ್ಕಡಿ, ಮೂರಡಿ. ಶಿವಾನಂದ ಸರ್ಕಲ್ ಕಡೆಯಿಂದ ಕುಮಾರಕೃಪಾ ರಸ್ತೆಗೆ ನುಗ್ಗಿದೆವು. ಅರ್ಧ ದಾರಿಗೇ 17 ಕಲ್ಲಿನ ರಥ ಎಣಿಸಿದೆ. ಕೇಸರಿ ರಥ, ನೀಲಿ ರಥ, ಮೇಣದಂತೆ ಕರಗುತ್ತಿರುವ ರಥ. ಒಂದರಲ್ಲಿ ರಥವೇ ಇಲ್ಲ, ಕಂದು ಬಣ್ಣದ ಮೂರು ಪಟ್ಟೆ.

"ಇದರಲ್ಲಿ ಹಂಪೆ ಎಲ್ಲಿದೆ ಸರ್?" ಎಂದೆ.

"1565ರ ತಾಳಿಕೋಟೆ ಯುದ್ಧದ ನಂತರ ಹಂಪೆ ಎಲ್ಲಿದೆ ಹೇಳಿ?" ಎಂದರು ಕಲಾವಿದರು. ನನಗೆ ಮಾತೇ ಹೊರಡಲಿಲ್ಲ.

ಅವರನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಪಾಪ, ಬಂದವರು ಕೇಳಿದ್ದನ್ನು ಬರೆಯುತ್ತಾರೆ. ನನ್ನ ಪಕ್ಕದಲ್ಲಿದ್ದ ಗಿರಾಕಿ ಕೇಳಿದ್ದು ಹೀಗಿತ್ತು: "ನಮ್ಮ ಸೋಫಾ ಕ್ರೀಮ್ ಕಲರ್. ಈ ಕಲ್ಲು ಸ್ವಲ್ಪ ಬೆಳ್ಳಗೆ ಬರುತ್ತಾ?" ನಮ್ಮಾಕೆ ಇನ್ನೂ ಒಂದು ಕೈ ಮೇಲು. 60 ಸಾವಿರ ಎಂದಾಗ ಪರ್ಸಿನಿಂದ 50 ರೂಪಾಯಿಯ ನೋಟು ತೆಗೆದು ಹಿಂದುಗಡೆ ತೋರಿಸಿದಳು. "ಇದೇ ರಥ ಇದರಲ್ಲೂ ಇದೆಯಲ್ಲಾ?"

ಸುಮ್ನೆ ಇರಲಾರದೆ ನಾನೂ ಜ್ಞಾನ ಪ್ರದರ್ಶನ ಮಾಡಿದೆ. 1856ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿ ತೆಗೆದ ಫೋಟೋದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಆಮೇಲೆ ಅದು ಹೋಯಿತು. ಗೋಪುರ ಸೇರಿಸಿ ಯಾಕೆ ಬರೆಯಬಾರದು? ಸೋಫಾದವರು ತಕ್ಷಣ ತಲೆಯಾಡಿಸಿದರು. "ಬೇಡ ಸರ್, ಪೂರ್ತಿ ಇದ್ದರೆ ಹಳೇದು ಅನ್ನಿಸಲ್ಲ."

ಹಾಗಾದರೆ ನಮ್ಮೂರಿನ ಹಳೇದು? ಸಿಟಿ ಮಾರ್ಕೆಟ್ ಪಕ್ಕ ಕೋಟೆಯ ಒಂದು ತುಂಡು ಉಳಿದಿದೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಗೋಡೆ ಒಡೆದು ನುಗ್ಗಿದ ಕೋಟೆ ಅದು. ಬೇಗೂರಿನ ದೇವಸ್ಥಾನದಲ್ಲಿ ಸುಮಾರು 890ರ ವೀರಗಲ್ಲು ಇದೆ, ಅದರಲ್ಲಿ 'ಬೆಂಗಳೂರ ಕಾಳಗ' ಎಂದು ಬರೆದಿದೆ. ಕಾಳಗ ಪಾರ್ಕಿಂಗ್‌ಗಾಗಿಯೇ ನಡೆದಿತ್ತೇನೋ ಎಂದು ನನಗೊಂದು ಅನುಮಾನ. ಇಡೀ ಸಂತೆಯಲ್ಲಿ ಈ ಎರಡರ ಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಹಾಳಾದದ್ದು 340 ಕಿಲೋಮೀಟರ್ ದೂರದಲ್ಲಿದ್ದರೆ ಪರಂಪರೆ. ಬಸ್ ಸ್ಟಾಪ್ ಪಕ್ಕದಲ್ಲಿದ್ದರೆ ಅದಕ್ಕೊರಗಿ ಕಸದ ಚೀಲ ಇಡುತ್ತೇವೆ.

ಬೆಂಗಳೂರಿನ ಗೋಡೆಗಳ ಮೇಲೂ ಹಂಪೆ ಬಂದದ್ದು ನಿಮಗೆ ನೆನಪಿರಬಹುದು. 2009ರ ಸುಮಾರಿಗೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಂದ ರಸ್ತೆ ಬದಿಯ ಗೋಡೆಗಳಿಗೆ ಬಣ್ಣ ಹೊಡೆಸಿದರು. ಪೋಸ್ಟರ್ ಅಂಟಿಸಬಾರದು, ಗೋಡೆಗೆ ಮುಖ ಮಾಡಿ ನಿಲ್ಲಬಾರದು ಎಂಬ ಆಸೆ. ನಮ್ಮ ಬಡಾವಣೆಯ ಗೋಡೆಗೂ ತಡವಾಗಿ ಒಂದು ರಥ ಬಂತು. ಜನ ನಿಲ್ಲುವುದನ್ನು ಬಿಡಲಿಲ್ಲ. ಈಗ ರಥ ನೋಡುತ್ತಾ ನಿಲ್ಲುತ್ತಾರೆ, ಅಷ್ಟೇ.

ಕೊನೆಗೆ ಬರಿಗೈಯಲ್ಲೇ ಮನೆಗೆ ಹೊರಟೆವು. ಬೀದಿ ತಿರುವಿನಲ್ಲಿ ಆಟೋ ನಿಂತಿತು. ಪೈಪ್ ಹಾಕಲು ಬಂದವರು ಆ ಗೋಡೆಯನ್ನು ಅರ್ಧ ಬೀಳಿಸಿದ್ದರು. ರಥಕ್ಕೆ ಒಂದೇ ಚಕ್ರ. ಆನೆಗೆ ಸೊಂಡಿಲಿಲ್ಲ. ಇಟ್ಟಿಗೆ ಹೊರಗೆ ಬಂದು, ಅದರ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ನಮ್ಮಾಕೆ ಆಟೋದಿಂದ ತಲೆ ಹೊರಗೆ ಹಾಕಿ ತುಂಬ ಹೊತ್ತು ನೋಡಿದಳು.

"ರೀ, ಅಲ್ಲಿ 60 ಸಾವಿರ ಕೇಳಿದ್ರಲ್ಲಾ, ಇದು ಅದಕ್ಕಿಂತ ಚೆನ್ನಾಗಿ ಹಾಳಾಗಿದೆ ಅಲ್ವಾ?"