ಅವ್ವನ ಸಿಟ್ಟಿಗೆ ಕೆಂಪು ಗೆರೆ

ಪಕ್ಕದ ಮನೆಯ ನಾಲ್ಕನೇ ಕ್ಲಾಸಿನ ಹುಡುಗ ನಿನ್ನೆ ಸಂಜೆ ಕನ್ನಡ ನೋಟ್‌ಬುಕ್ ಹಿಡಿದುಕೊಂಡು ಬಂದ. ಪ್ರಶ್ನೆ: ಉಪಮಾಲಂಕಾರಕ್ಕೆ ಒಂದು ಉದಾಹರಣೆ ಬರೆಯಿರಿ. ಅವನು ಬರೆದಿದ್ದು: ‘ನಮ್ಮವ್ವನ ಸಿಟ್ಟು ಕಾದ ಹಂಚಿನ ಮ್ಯಾಲ ನೀರು ಬಿದ್ದಂಗ.’ ಅದರ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೆರೆ. ಕೆಳಗೆ ಸರಿ ಉತ್ತರ: ‘ಸೀತೆಯ ಮುಖ ಕಮಲದಂತೆ ಅರಳಿತು.’

ಹಂಗಂದ್ರೆ ಏನೋ ಅಂತ ಕೇಳಿದೆ. ಕಮಲದ್ದಲ್ಲ, ಹಂಚಿನದ್ದು. ‘ಚುರ್ರ್ ಅಂತೈತ್ರಿ ಆಂಟಿ, ಆಮ್ಯಾಲ ಏನೂ ಇರಂಗಿಲ್ಲ’ ಅಂದ.

ಇನ್ನೇನು ಬೇಕು ಸ್ವಾಮಿ? ಬಿಸಿ ಇದೆ, ಸದ್ದಿದೆ, ಸಿಟ್ಟು ಬಂದಷ್ಟೇ ಬೇಗ ಹೋಗುವುದೂ ಇದೆ. ಅವನ ಅವ್ವನನ್ನು ಬಲ್ಲವಳಾಗಿ ಹೇಳುತ್ತೇನೆ, ಅಕ್ಷರಶಃ ನಿಜ. ಕಮಲ? ಈ ಹುಡುಗ ಕಮಲ ನೋಡಿದ್ದು ಚುನಾವಣೆಯ ಬ್ಯಾನರಿನಲ್ಲಿ. ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆಗೆ ಕರೆದುಕೊಂಡು ಹೋದರೆ ಅಂತರಗಂಗೆಯ ಕಳೆ ತೋರಿಸಬಹುದು, ಬೇಕಾದಷ್ಟು.

ಪಾಠ ಹೇಳುವ ಕೆಲಸ ಬಿಟ್ಟ ಮೇಲೆ ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು ಅಂದುಕೊಂಡಿದ್ದೆ. ಆಗಲಿಲ್ಲ. ನೋಟ್‌ಬುಕ್ ತಿರುವಿದೆ. ಒಂದು ಹೋಲಿಕೆಗೆ ನಾಲ್ಕು ಭಾಗ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಒಂಬತ್ತು ವರ್ಷದ ಮಗು ಬಾಯಿಪಾಠ ಮಾಡಬೇಕಂತೆ. ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಒನೊಮೆಟೊಪಿಯಾ (ಸದ್ದನ್ನೇ ಅನುಕರಿಸುವ ಪದ) ಅನ್ನುವುದರ ಸ್ಪೆಲಿಂಗ್ ಸಾಲುಸಾಲಾಗಿ ಬರೆಸಿದ್ದಾರೆ. ನಮ್ಮ ವ್ಯಾಕರಣವೇನು ಕಡಿಮೆಯೇ, ಅನುಕರಣಾವ್ಯಯ ಅಂತ ಇಟ್ಟುಕೊಂಡಿದೆ. ಅವನ ಮನೆಯಲ್ಲಿ ರೊಟ್ಟಿ ಪಟಪಟ ಬಡಿಯುತ್ತಾರೆ, ಒಗ್ಗರಣೆ ಚಟಪಟ ಅನ್ನುತ್ತದೆ, ಮಳೆ ಧೋ ಧೋ ಸುರಿಯುತ್ತದೆ. ಇದೆಲ್ಲ ಅದೇ ಕಣೋ ಅಂತ ಒಬ್ಬರೂ ಹೇಳಿಲ್ಲ. ‘ಕಪ್ಪು ಕುಂಕುಮ, ಕೆಂಪು ಕುಂಕುಮ’ ಅಂತ ಓಣಿಯಲ್ಲಿ ನಾಲಿಗೆ ತೊಡರಿಸಿಕೊಂಡು ಬಿದ್ದು ಬಿದ್ದು ನಗುತ್ತಾನೆ. ಕ್ಲಾಸಿಗೆ ಹೋದರೆ ಅದೇ ಆಟ ಅನುಪ್ರಾಸವಾಗಿ ಎರಡು ಅಂಕಕ್ಕೆ ಕೂತಿದೆ.

ಇದೆಲ್ಲ ನಡೆಯುವುದು ಎಲ್ಲಿ ನೋಡಿ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡಿಗರ ಮಾತಿನ ಜಾಣತನ ಹೊಗಳುವಾಗ ಸಣ್ಣ ಮಕ್ಕಳನ್ನೂ ಬಿಟ್ಟಿಲ್ಲ. ಕನ್ನಡದ ತಿರುಳಿರುವ ಊರು ಅಂತ ಅದು ಹೆಸರಿಸುವ ಪುಲಿಗೆರೆ ಅಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ರೂಪಕ ಸಾಮ್ರಾಜ್ಯ ಚಕ್ರವರ್ತಿ ಅನ್ನಿಸಿಕೊಂಡ ಕುಮಾರವ್ಯಾಸ ಇಲ್ಲೇ ಕೋಳಿವಾಡದವನು. ‘ಬಿದ್ದಂಗ’ ಗ್ರಾಂಥಿಕ ಅಲ್ಲ ಅಂತ ಗೆರೆ ಎಳೆದಿದ್ದಾರೋ ಏನೋ. ಹಾಗಾದರೆ ಬೇಂದ್ರೆ ಅಜ್ಜನ ಪುಸ್ತಕಕ್ಕೂ ಒಂದು ಕೆಂಪು ಪೆನ್ನು ಕಳಿಸಿ. ಇದೇ ಧಾರವಾಡದ ಮಾತಿನಲ್ಲಿ ಬರೆದವರಿಗೆ 1973ರಲ್ಲಿ ಜ್ಞಾನಪೀಠ ಕೊಟ್ಟುಬಿಟ್ಟರು, ಪಾಪ, ಗೊತ್ತಾಗಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಒಡಪು ಹೇಳದೆ ಗಂಡನ ಹೆಸರು ಬಾಯಿಗೆ ಬರುವುದಿಲ್ಲ, ಅಲ್ವಾ? ನಾನೂ ಹೇಳಿದ್ದೆ: ‘ತ್ವಾಟದಾಗಿನ ಮಲ್ಲಿಗಿ ಘಮ್ಮಂತಾವ, ನಮ್ಮ ರಾಯರು ನನ್ನ ನೋಡಿ ಸುಮ್ಮ ಕುಂತಾರ.’ ಸಾಲಿ ಕಾಣದ ನಮ್ಮ ದೊಡ್ಡವ್ವ ಪಕ್ಕದಲ್ಲೇ ಕೂತು ಕಟ್ಟಿಕೊಟ್ಟಿದ್ದು. ‘ಘಮ್ಮ’ಕ್ಕೆ ‘ಸುಮ್ಮ’ ಕೂಡಿಸಲು ಆಕೆಗೆ ಯಾವ ಗೈಡೂ ಬೇಕಾಗಲಿಲ್ಲ. (ರಾಯರು ಈಗಲೂ ಸುಮ್ಮನೇ ಕೂತಿರುತ್ತಾರೆ, ಅದು ಬೇರೆ ವಿಷಯ.)

‘ಹೆಸರು ಗೊತ್ತಿರಬೇಕಲ್ರಿ, ಪರೀಕ್ಷೆಯಲ್ಲಿ ಕೇಳ್ತಾರೆ’ ಅನ್ನುವವರು ಇದ್ದೀರಿ. ಕೇಳಲಿ. ಹೈಸ್ಕೂಲಿನಲ್ಲಿ ಅಲಂಕಾರ, ಛಂದಸ್ಸು ಹೇಗೂ ಬರುತ್ತದೆ. ಅಷ್ಟರೊಳಗೆ ಕಿವಿ ತಯಾರಾಗಿದ್ದರೆ ಹೆಸರು ಕಲಿಯಲು ಒಂದು ಮಧ್ಯಾಹ್ನ ಸಾಕು. ಮಾಸ್ತರರಿಗೆ ಪೋರ್ಷನ್ ಮುಗಿಸುವ ಗಡಿಬಿಡಿ ಇದೆ, ಒಪ್ಪಿದೆ. ಆದರೆ ಹಂಚಿನ ಸಾಲಿಗೆ ರೈಟ್ ಹಾಕಲು ಗೆರೆ ಎಳೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆಯೇ?

ಒಂದು ಮಾತು ಹೇಳಲೇಬೇಕು. ಕುಮಾರವ್ಯಾಸನ ಆರು ಸಾಲಿನ ಭಾಮಿನಿ ಷಟ್ಪದಿಗೆ ಲಘು-ಗುರು, ಅಂದರೆ ಗಿಡ್ಡ-ಉದ್ದ ಅಕ್ಷರದ ಗುರುತು, ಹಾಕಿ ಪ್ರಸ್ತಾರ ಮಾಡುವುದರಲ್ಲಿ ನಾನು ಕ್ಲಾಸಿಗೇ ಮೊದಲು. ಮೂರು ಮಾತ್ರೆ-ನಾಲ್ಕು ಮಾತ್ರೆ, ಮೂರು-ನಾಲ್ಕು, ಗೆರೆ ಎಳೆದಿದ್ದೇ ಎಳೆದಿದ್ದು. ಅದು ಕಿವಿಗೆ ಬಿದ್ದಿದ್ದು ಮಾತ್ರ ಎಷ್ಟೋ ವರ್ಷದ ಮೇಲೆ, ಗದಗಿನ ವೀರನಾರಾಯಣ ಗುಡಿಯಲ್ಲಿ ಕಾವ್ಯ ಹಾಡುವ ಗಮಕಿಯೊಬ್ಬರು ಅದನ್ನು ಹಾಡಿದಾಗ. ತಕಿಟ ತಕಧಿಮಿ, ತಕಿಟ ತಕಧಿಮಿ! ಮೂರನೇ ಸಾಲು ಉದ್ದವಾಗಿ ಹೋಗಿ ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಪೂರ್ತಿ ಅಂಕ ತೆಗೆದುಕೊಂಡವಳಿಗೆ ಇದು ಗೊತ್ತೇ ಇರಲಿಲ್ಲ. ಅವತ್ತು ನನಗೆ ಅಳು ಬಂತು, ಖುಷಿಗಲ್ಲ, ಸಿಟ್ಟಿಗೆ.

ಶಾಲೆಗೆ ಹೋಗಿ ಮಾತಾಡುತ್ತೇನೆ ಅಂದರೆ ಹುಡುಗನ ಅವ್ವ ‘ಬ್ಯಾಡ್ರಿ ಅಕ್ಕಾರ, ಮಾರ್ಕ್ಸ್ ಕಡಿಮಿ ಹಾಕ್ತಾರ’ ಅಂತ ಕೈ ಮುಗಿದಳು. ಹೋಗುವುದಿಲ್ಲ. ಬರುವ ರವಿವಾರ ಓಣಿಯ ಹುಡುಗರನ್ನು ನಮ್ಮ ಕಟ್ಟೆಯ ಮೇಲೆ ಕೂಡಿಸಿ ಚಪ್ಪಾಳೆಯಲ್ಲಿ ಮೂರು-ನಾಲ್ಕು ಹೊಡೆಸುವವಳಿದ್ದೇನೆ. ಪಾಲಕರು ದಯವಿಟ್ಟು ನೋಟ್ಸ್ ಕೇಳಬೇಡಿ. ಕೊಡುವುದಿಲ್ಲ.